ಅಂಗೈ ಅಳತೆ

ಆ ಮನುಷ್ಯನೂ ಕೊನೆಗೆ ದೊಡ್ಡದನ್ನೇ ಎತ್ತಿಕೊಂಡ.

ಬಂದವನು ಕೇಳಿದ್ದೇನೋ ಸಣ್ಣದನ್ನೇ. "ಅಂಗೈಲಿ ಹಿಡಿಸೋವಂಥ ಫೋನಿದೆಯೇನ್ರೀ?" ಎಂದು ಬಾಗಿಲಲ್ಲೇ ಕೂಗಿದ್ದ. ಈಗಿನವು ಫೋನೋ ಹಲಗೆಯೋ ಎಂದು ಬೈದಿದ್ದ. ಕೂತರೆ ಚುಚ್ಚುತ್ತೆ, ಬಗ್ಗಿದರೆ ಜಾರುತ್ತೆ, ಮಲಗಿ ನೋಡ್ತಾ ನಿದ್ದೆ ಹತ್ತಿದರೆ ನೇರ ಮೂಗಿನ ಮೇಲೇ ಬೀಳುತ್ತೆ ಎಂದು ತನ್ನ ಮೂಗನ್ನು ಮುಟ್ಟಿ ತೋರಿಸಿದ್ದ. ಚೋಟಕ್ಕನಿಗೆ ಹೋದ ಜೀವ ಬಂದಂತಾಗಿತ್ತು. ಸಣ್ಣ ಫೋನನ್ನು ಗಾಜಿನ ಕೌಂಟರಿನ ಮೇಲಿಟ್ಟು, ಹೋಲಿಸಿ ನೋಡಲಿ ಎಂದು ಪಕ್ಕದಲ್ಲೇ ದೊಡ್ಡದೊಂದನ್ನು ಇಟ್ಟಳು. ಅವನು ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ತಕ್ಕಡಿಯ ಹಾಗೆ ತೂಗಿದ. ಅಷ್ಟರಲ್ಲಿ ಪಕ್ಕದಿಂದ ಸಿನಿಮಾ ಭಾವ ಕೈ ಚಾಚಿ ದೊಡ್ಡದರಲ್ಲಿ ಒಂದು ಹಾಡು ಹಚ್ಚಿಬಿಟ್ಟ. ಕುಣಿಯುವವರ ಕಾಲಡಿಯ ಧೂಳು ಕೂಡ ಎಣಿಸುವ ಹಾಗೆ ಕಾಣುತ್ತಿತ್ತು.

"ಇದರ ಮುಂದೆ ಅದು ಮಕ್ಕಳಾಟದ ಸಾಮಾನಿನ ಹಾಗಿದೆಯಲ್ರೀ," ಎಂದ ಗಿರಾಕಿ, ಸ್ವಲ್ಪ ನಾಚಿಕೊಂಡೇ.

"ಮೂಗು?" ಎಂದಳು ಚೋಟಕ್ಕ.

"ಮೂಗಿಗೇನು, ಅಭ್ಯಾಸ ಆಗುತ್ತೆ ಬಿಡಿ."

ಭಾವ ಅವನ ಹೆಗಲ ಮೇಲೆ ಕೈಯಿಟ್ಟು ಬಿಲ್ಲು ಹಾಕಿಸಲು ಕರೆದೊಯ್ದ. ಹೋಗುವಾಗ ಇವಳತ್ತ ತಿರುಗಿ ಹುಬ್ಬು ಹಾರಿಸಿದ್ದನ್ನು ಅವಳು ನೋಡಿಯೂ ನೋಡದವಳಂತೆ ಬಟ್ಟೆ ತೆಗೆದುಕೊಂಡು ಗಾಜು ಒರೆಸಿದಳು. ಒರೆಸುವಂಥದ್ದೇನೂ ಅಲ್ಲಿರಲಿಲ್ಲ.

ಅವಳ ಎತ್ತರ ನೋಡಿ ಯಾರೋ ಯಾವತ್ತೋ ಇಟ್ಟ ಹೆಸರು ಚೋಟಕ್ಕ. ಸಣ್ಣ ಫೋನಿನ ಪರ ವಾದಕ್ಕಿಳಿದ ಮೇಲೆ ಆ ಹೆಸರು ಇನ್ನಷ್ಟು ಗಟ್ಟಿಯಾಯಿತು. ಅಂಗಡಿ ಅವಳ ಸೋದರಮಾವನದು. ಭಾವ ಎಂದರೆ ಮಾವನ ಮಗ. ಗಿರಾಕಿ ಎದುರು ಸಿಕ್ಕರೆ ಸಾಕು, ಪರದೆ ಬೆಳಗಿಸಿ ಹಾಡು ಹಚ್ಚುವ ಚಾಳಿಯಿಂದ ಸಿನಿಮಾ ಭಾವ. ಮದುವೆಗೆ ಮುಂಚೆ ಮನೆಯಲ್ಲಿ, ಮದುವೆಯಾದ ಮೇಲೆ ಗಂಡನ ಮನೆಯಲ್ಲಿ, ಎರಡು ಕಡೆಯೂ ಬಾಯಿಲ್ಲದವಳು ಎನ್ನಿಸಿಕೊಂಡವಳಿಗೆ ಬಾಯಿ ಬಂದದ್ದು ಈ ಕೌಂಟರಿನ ಹಿಂದೆ ನಿಂತ ಮೇಲೆಯೇ. ಗುರುತಿಲ್ಲದವರು ಬಂದು "ನೀವೇ ಹೇಳಿ, ಯಾವುದು ತಗೊಳ್ಳಲಿ?" ಎಂದು ಕೇಳುತ್ತಿದ್ದರು. ಇವಳು ಹೇಳುತ್ತಿದ್ದಳು, ಅವರು ಕೇಳುತ್ತಿದ್ದರು. ಕೊರಳಲ್ಲಿ ಕೌಂಟರಿನ ಬೀಗದ ಕೈ ತೂಗಾಡುತ್ತಿದ್ದರೆ ಅವಳ ಎತ್ತರವೇ ಒಂದು ಗೇಣು ಹೆಚ್ಚಿದ ಹಾಗಿರುತ್ತಿತ್ತು.

ಆ ಗಿರಾಕಿಗಳೇ ಅವಳನ್ನು ಹಾಳು ಮಾಡಿದ್ದು. ವರ್ಷಗಟ್ಟಲೆ ಒಂದೇ ರಾಗ: "ಸಣ್ಣದಿಲ್ವಾ? ಯಾಕ್ರೀ ಸಣ್ಣದು ತರಿಸಲ್ಲ?" ಕೇಳಿ ಕೇಳಿ ಚೋಟಕ್ಕ ಮಾವನ ಬೆನ್ನು ಬಿದ್ದಳು. ದೊಡ್ಡ ಪರದೆ ಬಿಟ್ಟು ಬೇರೇನೂ ಮಾರದ ಪೇಟೆಯಲ್ಲಿ ಯಾವುದೋ ಒಂದು ಕಂಪನಿ ಮಾತ್ರ ಸಣ್ಣದು ಮಾಡುತ್ತಿತ್ತು. ಭಾವ ಬೇಡವೆಂದ. ಮಾವ ಸೊಸೆಯ ಮಾತು ಕೇಳಿದರು. ಮಾಲು ಬಂತು, ಕೆಳಗಿನ ಗೋಡೌನಿನಲ್ಲಿ ಗೋಡೆಗೊರಗಿ ಕೂತಿತು, ಇವತ್ತಿನವರೆಗೂ ಒಂದು ಪೆಟ್ಟಿಗೆ ಕದಲಿರಲಿಲ್ಲ.

"ಕೇಳೋರು ಊರೆಲ್ಲ, ಕೊಳ್ಳೋರು ಒಬ್ಬರಿಲ್ಲ," ಎಂದಿದ್ದರು ಮಾವ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಲೇ. ಅವರ ಸಿಟ್ಟಿಗೆ ಸದ್ದಿರುವುದಿಲ್ಲ, ಅದೇ ಭಯ. "ಸಂಜೆ ಕಂಪನಿ ವ್ಯಾನು ಬರುತ್ತೆ. ಅಷ್ಟರೊಳಗೆ ಒಂದೇ ಒಂದು ಮಾರಿ ತೋರಿಸು, ಮಾಲು ಇಟ್ಕೊಳ್ತೀನಿ. ಇಲ್ಲ ಅಂದ್ರೆ ಎಲ್ಲ ವಾಪಸ್. ನಾಳೆಯಿಂದ ನೀನು ಕೆಳಗೆ ಗೋಡೌನ್ ನೋಡ್ಕೋ. ಕೌಂಟರು ಇವನು ನೋಡ್ಕೋತಾನೆ."

ಗೋಡೌನಿಗೆ ಕಿಟಕಿಯಿಲ್ಲ. ಅಲ್ಲಿ ಪೆಟ್ಟಿಗೆಗೆ ಚೀಟಿ ಅಂಟಿಸಬೇಕು, ದಾರ ಕಟ್ಟಬೇಕು. ಪೆಟ್ಟಿಗೆ ಯಾರನ್ನೂ ಏನನ್ನೂ ಕೇಳುವುದಿಲ್ಲ.

ಗಾಜು ಒರೆಸುತ್ತಲೇ ಅವಳು ಬಾಗಿಲ ಕಡೆ ನೋಡಿದಳು. ಬಿಲ್ಲು ಮುಗಿಸಿ, ಹೊಸ ಫೋನಿಗೆ ಸಿಮ್ ಹಾಕಿಸಿಕೊಂಡ ಗಿರಾಕಿ ಅಲ್ಲಿ ತನ್ನ ಚೀಲಗಳನ್ನು ವಾಪಸು ಪಡೆಯುತ್ತಿದ್ದ. ಬಾಗಿಲ ಪಕ್ಕ ಒಂದು ಉದ್ದನೆಯ ಕಪಾಟಿದೆ; ಒಳಗೆ ಬರುವವರು ಕೈಲಿರುವುದನ್ನೆಲ್ಲ ಅಲ್ಲಿಟ್ಟು ಟೋಕನ್ ತೆಗೆದುಕೊಳ್ಳಬೇಕು. ಅದನ್ನು ಕಾಯುವವನು ಬಾಗಿಲಣ್ಣ, ಅಂಗಡಿಯಷ್ಟೇ ಹಳಬ. ಅವನು ಗಿರಾಕಿಗೆ ಒಂದು ಚೀಲ ಕೊಟ್ಟ, ಇನ್ನೊಂದು ಕೊಟ್ಟ, ಮೇಲೊಂದು ಕೊಡೆ ಕೊಟ್ಟ. ಗಿರಾಕಿ ಎಲ್ಲವನ್ನೂ ಎಡಗೈಗೆ ತೂಗುಹಾಕಿಕೊಂಡು ಮೆಟ್ಟಿಲಿಳಿದ. ಇಳಿದನೋ ಇಲ್ಲವೋ, ಹೊಸ ಫೋನು ಹಾಡಿತು. ಬಲಗೈಯಲ್ಲಿ ಹೊರತೆಗೆದ. ಹೆಬ್ಬೆರಳನ್ನು ಚಾಚಿದ. ಅದು ತಲುಪಲಿಲ್ಲ. ಫೋನನ್ನು ಅಂಗೈಯಲ್ಲಿ ಚಿಮ್ಮಿಸಿ ಕೆಳಕ್ಕೆ ಹಿಡಿದ, ಅದು ಜಾರಿತು, ಮಂಡಿಯಿಂದ ತಡೆದ, ಚೀಲಗಳನ್ನೆಲ್ಲ ದಾರಿಯ ಮೇಲಿಳಿಸಿ ಎರಡು ಕೈಯಲ್ಲಿ ಹಿಡಿದು ಎತ್ತುವಷ್ಟರಲ್ಲಿ ಹಾಡು ನಿಂತಿತ್ತು.

ಚೋಟಕ್ಕನ ಕೈಯ ಬಟ್ಟೆ ಅಲ್ಲೇ ನಿಂತಿತು.

ಥೂ, ನನ್ನ ಬುದ್ಧಿಗಿಷ್ಟು! ಒಳಗೆ ಬರುವ ಒಬ್ಬೊಬ್ಬರ ಕೈಯನ್ನೂ ನಾವೇ ಬಾಗಿಲಲ್ಲಿ ಖಾಲಿ ಮಾಡಿಸುತ್ತೇವೆ. ಎರಡು ಕೈ ಬಿಡುವಾಗಿರುವವನಿಗೆ ಸಣ್ಣದು ಯಾಕೆ ಬೇಕು? ಎರಡು ಕೈಯಲ್ಲಿ ಹಿಡಿದು ನೋಡುವವನು ದೊಡ್ಡದನ್ನೇ ನೋಡುತ್ತಾನೆ. ಬೇಡಿಕೆ ಹುಟ್ಟುವುದು ಮೆಟ್ಟಿಲ ಕೆಳಗೆ, ಸಾಯುವುದು ಮೆಟ್ಟಿಲ ಮೇಲೆ. ಇನ್ನೂ ಉರಿ ಹತ್ತಿಸಿದ್ದೆಂದರೆ, ಆ ಕಪಾಟು ಇಡಿಸಿದವಳು ಅವಳೇ. "ಕೈ ಖಾಲಿಯಿದ್ರೆ ತಾನೇ ಮಾವ, ಗಿರಾಕಿ ಫೋನ್ ಹಿಡಿಯೋದು?" ಎಂದು ಬುದ್ಧಿ ಹೇಳಿ, ಮಾವನಿಂದ ಶಹಬ್ಬಾಸ್ ಬೇರೆ ಅನ್ನಿಸಿಕೊಂಡಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಇವಳ ಅಂಗೈಯೇ ಇವಳಿಗೆ ಇಷ್ಟು ವರ್ಷ ಕಂಡಿರಲಿಲ್ಲ.

ಅಂಗಡಿ ಮುಂದೆಯೇ ಬಸ್ ಸ್ಟಾಪು. ಅಲ್ಲಿ ಒಬ್ಬ ಹೆಂಗಸು ಕಂಕುಳಲ್ಲಿ ಮಗು, ಮೊಣಕೈಯಲ್ಲಿ ಭಾರದ ಚೀಲ ಹೊತ್ತು ನಿಂತಿದ್ದಳು. ಸ್ವಲ್ಪ ಹೊತ್ತಿನ ಮುಂಚೆ ಬಾಗಿಲವರೆಗೆ ಬಂದು, ಬಾಗಿಲಣ್ಣನ ಜೊತೆ ಏನೋ ಮಾತಾಡಿ, ಹಾಗೇ ವಾಪಸು ಹೋದವಳು.

ಚೋಟಕ್ಕ ಸಣ್ಣ ಫೋನನ್ನು ಕೈಗೆತ್ತಿಕೊಂಡಳು. ತೋರಿಸುವುದಕ್ಕೆಂದು ಇಟ್ಟ ಪೀಸು ಅದು, ಕಳ್ಳತನವಾಗದಿರಲೆಂದು ಬೆನ್ನಿಗೆ ಅಲಾರಂ ತಂತಿ ಅಂಟಿಸಿರುತ್ತಾರೆ.

"ಭಾವ, ತಂತಿ ಬಿಚ್ಚೋ ಕೀಲಿ ಕೊಡು."

"ಯಾಕೆ?"

"ಹೊರಗೆ ಒಯ್ದು ತೋರಿಸಿ ಬರ್ತೀನಿ."

"ತಲೆಗಿಲೆ ಕೆಟ್ಟಿದೆಯಾ? ಪೀಸು ಬಾಗಿಲು ದಾಟೋ ಹಾಗಿಲ್ಲ. ಕೀಲಿ ಅಪ್ಪನ ಹತ್ರ ಇದೆ, ಅಪ್ಪ ಗೋಡೌನಲ್ಲಿದಾರೆ. ಹೋಗಿ ಕೇಳು, ಧೈರ್ಯ ಇದ್ರೆ."

ಕೆಳಗಿನಿಂದ ಪೆಟ್ಟಿಗೆಗಳಿಗೆ ಅಂಟುಪಟ್ಟಿ ಎಳೆಯುವ ಸದ್ದು ಕೇಳುತ್ತಿತ್ತು. ವಾಪಸು ಹೋಗುವ ಮಾಲು ಕಟ್ಟಿಸುತ್ತಿದ್ದರು. ಸ್ಟಾಪಿನಲ್ಲಿದ್ದ ಹೆಂಗಸು ರಸ್ತೆಯ ತುದಿಗೆ ಕತ್ತು ಚಾಚಿ ಬಸ್ಸು ನೋಡಿದಳು. ಚೋಟಕ್ಕ ಹಲ್ಲು ಕಚ್ಚಿ ತಂತಿಯನ್ನು ಒಂದೇ ಏಟಿಗೆ ಎಳೆದಳು.

ಅಂಗಡಿಯೇ ಕಿರುಚಿಕೊಂಡಿತು. ಗಿರಾಕಿಗಳು ಕಿವಿ ಮುಚ್ಚಿಕೊಂಡರು, ಭಾವ "ಏಯ್, ಏಯ್" ಎಂದ. ಅವಳಾಗಲೇ ಬಾಗಿಲಲ್ಲಿದ್ದಳು. "ಚೋಟಕ್ಕ, ಎಲ್ಲಿಗೆ?" ಎಂದ ಬಾಗಿಲಣ್ಣ.

"ಮಾರೋಕೆ!" ಎಂದು ಮೆಟ್ಟಿಲಿಳಿದಳು.

"ಒಳಗೆ ಯಾಕೆ ಬರಲಿಲ್ಲ ನೀವು?" ಎಂದು ಕೇಳಿದಳು ಆ ಹೆಂಗಸನ್ನು, ಏದುಸಿರು ಬಿಡುತ್ತಲೇ.

"ಬಂದಿದ್ದೆನಲ್ಲ. ಕೈಲಿರೋದೆಲ್ಲ ಕಪಾಟಲ್ಲಿಟ್ಟು ಹೋಗಿ ಅಂದ್ರು. ಇದನ್ನೂ ಇಡ್ಲಾ ಅಂತ ಕೇಳ್ದೆ," ಎಂದು ಹೆಂಗಸು ಮಗುವನ್ನು ಒಮ್ಮೆ ಮೇಲಕ್ಕೆ ಕುಲುಕಿಕೊಂಡಳು. "ಇದಕ್ಕೆ ಟೋಕನ್ ಕೊಡಲ್ಲ ಅಂದ್ರು."

ಚೋಟಕ್ಕನಿಗೆ ನಗು ಬಂತು. ನಗುತ್ತಲೇ ಫೋನು ಮುಂದೆ ಹಿಡಿದಳು. ಹೆಂಗಸು ನೋಡಿದಳು. ತನ್ನದು ದೊಡ್ಡದು, ಚೀಲದ ತಳದಲ್ಲಿ ಬಿದ್ದಿದೆ ಎಂದಳು. ಅದು ಕೂಗಿದರೆ ಮಗುವನ್ನಿಳಿಸಬೇಕು, ಇಳಿಸಿದರೆ ಇವನು ಓಡುತ್ತಾನೆ, ಇವನ ಹಿಂದೆ ಓಡುವುದೋ ಫೋನೆತ್ತುವುದೋ? ಅವನಪ್ಪನಿಗೆ ನಾನು ಬೇಕೂಂತಲೇ ಎತ್ತಲ್ಲ ಅಂತ ಸಿಟ್ಟು. "ಕೈ ಎರಡೇ ಕೊಟ್ಟಿದಾನೆ ದೇವರು, ಫೋನು ಮಾಡೋರಿಗೆ ಅದು ಗೊತ್ತಿಲ್ಲ."

"ಹಿಡ್ಕೊಂಡು ನೋಡಿ. ಮಗೂನ ಇಳಿಸ್ಬೇಡಿ. ಚೀಲಾನೂ ಇಳಿಸ್ಬೇಡಿ."

ಹೆಂಗಸು ಬಲಗೈ ಚಾಚಿದಳು. ಫೋನು ಅಂಗೈಯಲ್ಲಿ ಕೂತಿತು. ಹೆಬ್ಬೆರಳು ಕೆಳಗಿನ ಮೂಲೆ ಮುಟ್ಟಿತು, ಆಮೇಲೆ ಅಳುಕುತ್ತ ಮೇಲಕ್ಕೆ ಹೋಗಿ ಆಚೆ ತುದಿಯ ಮೂಲೆಯನ್ನೂ ಮುಟ್ಟಿತು. "ಅಯ್ಯೋ, ಅಲ್ಲಿಗೂ ಹೋಗುತ್ತೆ!" ಎಂದಳು. ಇನ್ನೊಮ್ಮೆ ಮುಟ್ಟಿದಳು. ಮಗು ತನ್ನ ಕೈಯನ್ನೂ ಚಾಚಿತು. ಚೋಟಕ್ಕನ ಹೊಟ್ಟೆಯೊಳಗೆ ಹಾಲು ಹೊಯ್ದಂತಾಯಿತು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ಇಷ್ಟು ದಿನ ಬರೀ ಬಾಯಿಮಾತಿಗೆ ಹೇಳುತ್ತಿದ್ದುದು ಈಗ ಕಣ್ಣೆದುರು ನಿಂತಿತ್ತು.

ಬಸ್ಸು ಬಂದದ್ದನ್ನು ಇಬ್ಬರೂ ನೋಡಲಿಲ್ಲ. ಹಿಂದಿನಿಂದ ಜನ ನುಗ್ಗಿದರು. ಯಾರದೋ ಭುಜ, ಯಾರದೋ ಚೀಲ, "ಮುಂದೆ ನಡೀರಿ, ನಡೀರಿ." ಆ ಹೆಂಗಸು ಹತ್ತಿದಳೋ, ಜನ ಹತ್ತಿಸಿದರೋ, ಚೋಟಕ್ಕ ನಡುವೆ ಸಿಕ್ಕವರನ್ನು ತಳ್ಳಿ ಮುಂದೆ ಬರುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡು ಬಸ್ಸು ಹೊರಟಿತ್ತು. ಅವಳು ಓಡಿದಳು, ತಗಡನ್ನು ಅಂಗೈಯಿಂದ ಬಡಿದಳು. ಕಿಟಕಿಯೊಳಗೆ ಫೋನು ಹಿಡಿದ ಕೈ ಒಮ್ಮೆ ಮೇಲೆದ್ದುದು ಕಂಡಿತು. ಇವಳನ್ನು ಕರೆದದ್ದೋ, ಹೋಗಿ ಬರ್ತೀನಿ ಎಂದದ್ದೋ, ಕಂಬಿಗೆ ಚಾಚಿದ್ದೋ ತಿಳಿಯಲಿಲ್ಲ.

ಮಾವ ಅಂಗಡಿಯ ನಡುವೆ ನಿಂತಿದ್ದರು. ಕಿರುಚಾಟ ನಿಲ್ಲಿಸಿಯಾಗಿತ್ತು. ತುಂಡಾದ ತಂತಿ ಅವರ ಕೈಯಲ್ಲಿತ್ತು.

"ಪೀಸೆಲ್ಲಿ?"

ಚೋಟಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ. ಬರುತ್ತಿದ್ದರೆ ಚೆನ್ನಾಗಿತ್ತು ಎಂದು ಮೊದಲ ಸಲ ಅನ್ನಿಸಿತು. "ಬಸ್ಸಲ್ಲಿ ಹೋಯ್ತು, ಮಾವ."

ಭಾವ ತಡೆಯಲಾರದೆ ನಕ್ಕುಬಿಟ್ಟ. "ಟಿಕೆಟ್ಟಾದ್ರೂ ತೆಗೆಸಿಕೊಟ್ಯಾ ಅದಕ್ಕೆ?"

ಮಾವ ನಗಲಿಲ್ಲ. ಯಾರ ಕೈಗೆ ಕೊಟ್ಟೆ, ಹೆಸರೇನು, ಮನೆಯೆಲ್ಲಿ ಎಂದು ಕೇಳಿದರು. ಒಂದಕ್ಕೂ ಉತ್ತರವಿರಲಿಲ್ಲ. ಫೋನು ಮಾಡಿ ಕರೆಯೋಣವೆಂದರೆ ಆ ಪೀಸಿಗೆ ಸಿಮ್ಮೂ ಇಲ್ಲ. "ಮಾರು ಅಂದ್ರೆ ದಾನ ಮಾಡಿ ಬಂದಿದೀಯ," ಎಂದರು ಮಾವ ಮೆಲ್ಲಗೆ. "ಒಂದು ಮಾರು ಅಂದೆ, ಇದ್ದದ್ದೂ ಒಂದು ಕಡಿಮೆಯಾಯ್ತು. ಬೀಗದ ಕೈ ಇಡಮ್ಮ."

ಬೈದಿದ್ದರೆ ಸಹಿಸಬಹುದಿತ್ತು. ಅಷ್ಟು ಜನರೆದುರು 'ಅಮ್ಮ' ಎಂದದ್ದು ಬರೆ ಎಳೆದ ಹಾಗಾಯಿತು. ಕಪಾಟಿನ ವಿಷಯ, ಹೆಬ್ಬೆರಳ ವಿಷಯ, ಎಲ್ಲ ನಾಲಿಗೆಯ ತುದಿಗೆ ಬಂದವು. ಈಗ ಹೇಳಿದರೆ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಆಗುತ್ತಿತ್ತು. ಕೊರಳಿನ ದಾರ ತೆಗೆಯಲು ಹೋದರೆ ಕೂದಲಿಗೆ ಸಿಕ್ಕಿಕೊಂಡಿತು. ಬಿಡಿಸಿ, ಗಾಜಿನ ಮೇಲೆ ಇಟ್ಟಳು. ಸಣ್ಣಗೆ ಟಣ್ ಎಂದಿತು.

ವ್ಯಾನು ಬಂತು. ಅದರ ಡ್ರೈವರು ಸೀಟಿ ಹಾಕುತ್ತಲೇ ಪೆಟ್ಟಿಗೆಗಳನ್ನು ಏರಿಸಿಕೊಳ್ಳತೊಡಗಿದ. ಚೋಟಕ್ಕ ಅದನ್ನು ನೋಡಲಾರದೆ ಬಾಗಿಲಿಗೆ ಬಂದು, ಎದುರು ದಿಕ್ಕಿನಿಂದ ಬರುವ ಬಸ್ಸುಗಳನ್ನು ನೋಡುತ್ತ ನಿಂತಳು. ಒಂದು ಬಂತು, ಶಾಲೆಯ ಮಕ್ಕಳು ಇಳಿದರು. ಇನ್ನೊಂದು ನಿಲ್ಲಲೇ ಇಲ್ಲ. ಕಳ್ಳಿ, ಎಂದುಕೊಂಡಳು. ಮಗು ಎತ್ತಿಕೊಂಡು ಬಂದರೆ ನಂಬುತ್ತಾರೆ ಅಂತ ಗೊತ್ತು ಅವಳಿಗೆ. ಮರುಕ್ಷಣ, ಛೆ, ಪಾಪ, ಅವಳೆಲ್ಲಿ ಹತ್ತಿದಳು, ಜನ ತಳ್ಳಿದರಲ್ಲ ಎಂದುಕೊಂಡಳು. ಎರಡನ್ನೂ ಮನಸ್ಸು ಒಂದೇ ಉಸಿರಿನಲ್ಲಿ ಹೇಳುತ್ತಿತ್ತು. ಅಳು ಬಂದರೆ ಒಳ್ಳೆಯದಿತ್ತು, ಅದೂ ಬರಲಿಲ್ಲ.

"ಬರ್ತಾಳೆ ಬಿಡವ್ವ," ಎಂದ ಬಾಗಿಲಣ್ಣ. "ಕಂಕುಳಲ್ಲಿ ಮಗು ಇಟ್ಕೊಂಡೋಳು ಎಷ್ಟು ದೂರ ಅಂತ ಓಡ್ತಾಳೆ?"

"ಬಸ್ಸು ಓಡುತ್ತಲ್ಲ ಅಣ್ಣ."

ಬಾಗಿಲಣ್ಣ ಕಪಾಟಿನ ಟೋಕನ್ನುಗಳನ್ನು ಒಂದೊಂದಾಗಿ ಜೋಡಿಸತೊಡಗಿದ.

ಭಾವ ಒಂದು ಲೋಟ ನೀರು ತಂದು ಕೊಟ್ಟ. ಅವನ ಮುಖದಲ್ಲಿ ಈಗ ತಮಾಷೆ ಇರಲಿಲ್ಲ. "ಅಪ್ಪ ಇವತ್ತು ಸಿಟ್ಟಲ್ಲಿದಾರೆ, ಆಮೇಲೆ ನಾನು ಮಾತಾಡ್ತೀನಿ," ಎಂದ. ಖಾಲಿ ಲೋಟ ವಾಪಸು ತೆಗೆದುಕೊಳ್ಳುತ್ತ, "ಗೋಡೌನಲ್ಲಿ ಒಂದು ಫ್ಯಾನ್ ಹಾಕಿಸ್ತೀನಿ," ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಚೋಟಕ್ಕನ ಕಣ್ಣು ಆ ಫ್ಯಾನಿನ ಮಾತಿಗೆ ತುಂಬಿಬಂತು. ಫ್ಯಾನು ಹಾಕಿಸುತ್ತಾರೆ ಎಂದರೆ ಗೋಡೌನು ಖಾಯಂ.

ಕೊನೆಯ ಪೆಟ್ಟಿಗೆ ಏರಿತು. ವ್ಯಾನಿನ ಬಾಗಿಲು ಎರಡು ಸಲ ಬಡಿದುಕೊಂಡು ಮುಚ್ಚಿತು. ಅದು ಸಂದಣಿಯೊಳಗೆ ಮೂತಿ ತೂರಿಸಿ, ಸಿಗ್ನಲ್ಲಿನ ಹತ್ತಿರ ಒಮ್ಮೆ ಕಂಡು, ತಿರುವಿನಲ್ಲಿ ಮರೆಯಾಯಿತು. ಮಾವ ಕೈ ಒರೆಸಿಕೊಂಡು ಒಳಗೆ ಬಂದರು.

ಆಗ ರಸ್ತೆಯಾಚೆ ಬಸ್ಸೊಂದು ನಿಂತು ಮುಂದೆ ಹೋಯಿತು. ಅದು ಬಿಟ್ಟ ಜಾಗದಲ್ಲಿ ಆ ಹೆಂಗಸು ನಿಂತಿದ್ದಳು.

ಮಗು ಕಂಕುಳಲ್ಲಿ, ಚೀಲ ಮೊಣಕೈಯಲ್ಲಿ, ಫೋನು ಕೈಯಲ್ಲಿ. ಜೊತೆಗೆ ಆಸ್ಪತ್ರೆಯ ಸಮವಸ್ತ್ರದ ಇನ್ನೊಬ್ಬ ಹೆಂಗಸು. ಇಬ್ಬರೂ ರಸ್ತೆ ದಾಟಿ ನೇರ ಮೆಟ್ಟಿಲು ಹತ್ತಿದರು. ಬಾಗಿಲಣ್ಣ ಅಭ್ಯಾಸ ಬಲದಿಂದ "ಚೀಲ..." ಎಂದವನು ಚೋಟಕ್ಕನ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡ. ಎರಡು ಕೈ ತುಂಬಿಕೊಂಡವರು ಕೌಂಟರಿನ ಮುಂದೆ ನಿಂತದ್ದು ಕಪಾಟು ಬಂದ ಮೇಲೆ ಅದೇ ಮೊದಲು.

"ಏನ್ರೀ ಅದು ಬಸ್ಸು! ಸೇತುವೆ ದಾಟೋ ತನಕ ನಿಲ್ಲಲ್ಲವಂತೆ," ಎಂದಳು ಹೆಂಗಸು ಚೋಟಕ್ಕನಿಗೆ. "ನೀವು ತಗಡು ಬಡಿದದ್ದು ಕೇಳಿಸ್ತು, ಕೂಗಿದೆ, ಯಾರು ಕೇಳ್ತಾರೆ? ನೀವು ನನ್ನ ಏನಂದ್ಕೊಂಡ್ರೋ ಏನೋ."

ತಾನು ಅಂದುಕೊಂಡದ್ದು ಮುಖದಲ್ಲಿ ಕಾಣುತ್ತಿದೆಯೇನೋ ಎಂದು ಚೋಟಕ್ಕ ಕಣ್ಣು ತಗ್ಗಿಸಿದಳು.

ಮಾವ ಫೋನಿಗಾಗಿ ಕೈ ನೀಡಿದರು. ಹೆಂಗಸು ಅದನ್ನು ಎದೆಗೆ ಒತ್ತಿಕೊಂಡಳು. "ಇದನ್ನ ವಾಪಸ್ ಕೊಡಲ್ಲ ನಾನು."

ಮಾವ ನೀಡಿದ ಕೈಯನ್ನು ಹಿಂದಕ್ಕೆಳೆದುಕೊಂಡರು.

"ಬಿಲ್ ಮಾಡಿ ಅಂದೆ. ಬಸ್ಸಲ್ಲಿ ಕಂಬಕ್ಕೆ ಬೆನ್ನು ಕೊಟ್ಕೊಂಡು, ಇವನನ್ನ ಹಿಡ್ಕೊಂಡೇ ಇವನ ಫೋಟೋ ತೆಗೆದೆ. ನೋಡಿ ಬೇಕಾದ್ರೆ. ಹುಟ್ಟಿದಾಗಿಂದ ಇವನ ಫೋಟೋ ಬೇರೆಯವರೇ ತೆಗೀಬೇಕಿತ್ತು, ನಾನು ಬರೀ ಇವನನ್ನ ಹೊತ್ಕೊಂಡು ನಿಲ್ಲೋದಾಗಿತ್ತು."

ಫೋಟೋ ಸ್ವಲ್ಪ ಓರೆಯಾಗಿತ್ತು. ಮಗು ನೇರ ಅಮ್ಮನ ಕಣ್ಣನ್ನೇ ನೋಡಿ ಬಾಯಿ ತುಂಬ ನಕ್ಕಿತ್ತು. ಮಾವ ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು. "ಇದು ತೋರಿಸೋ ಪೀಸಮ್ಮ, ಮಾರೋದಲ್ಲ," ಎಂದರು. "ಮಾರೋದೆಲ್ಲ..." ಎಂದು ರಸ್ತೆಯ ಕಡೆ ನೋಡಿದರು.

"ನನಗೂ ಒಂದು ಬೇಕಿತ್ತು," ಎಂದಳು ಆಸ್ಪತ್ರೆಯವಳು. "ಡ್ಯೂಟಿಲಿ ಒಂದು ಕೈಗೆ ಯಾವಾಗ್ಲೂ ಏನಾದ್ರೂ ಇದ್ದೇ ಇರುತ್ತೆ. ಬಸ್ಸಲ್ಲಿ ಇವರ ಕೈಲಿ ನೋಡಿ, ಬಿಡದೆ ಜೊತೆಗೇ ಬಂದೆ. ಎಲ್ಲ ಖಾಲೀನಾ? ಅಷ್ಟು ಬೇಗ ಖರ್ಚಾಗಿಬಿಡ್ತಾ?"

ಭಾವ ತನ್ನ ಚಪ್ಪಲಿಯ ತುದಿ ನೋಡಿಕೊಂಡ.

"ದುಡ್ಡು ತಳದಲ್ಲಿದೆ, ಸ್ವಲ್ಪ ಹಿಡ್ಕೊಳ್ಳಿ," ಎಂದು ಹೆಂಗಸು ಹಿಂದೆ ಮುಂದೆ ನೋಡದೆ ಮಗುವನ್ನು ಮಾವನ ತೋಳಿಗೆ ದಾಟಿಸಿ, ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿದಳು. ಮಾವ ಗಾಬರಿಯಿಂದ ಎಡತೋಳಲ್ಲಿ ಮಗುವನ್ನು ಅವಚಿಕೊಂಡರು. ಬಿಲ್ಲಿನ ಯಂತ್ರವಿದ್ದ ಖಾನೆ ತೆರೆಯಲೆಂದು ಭಾವ ಗಾಜಿನ ಮೇಲಿದ್ದ ಬೀಗದ ಕೈಯನ್ನು ಎತ್ತಿಕೊಂಡ.

"ಅದನ್ನ ಅಲ್ಲೇ ಇಡು," ಎಂದರು ಮಾವ. "ಅವಳು ತೆಗೀತಾಳೆ."

ಭಾವ ಇಟ್ಟ. ಚೋಟಕ್ಕ ದಾರವನ್ನು ಬೆರಳಿಗೆ ಸುತ್ತಿಕೊಂಡಳು, ಆದರೆ ಕೊರಳಿಗಿನ್ನೂ ಹಾಕಿಕೊಳ್ಳಲಿಲ್ಲ.

ಮಾವ ಬಲಗೈಯಿಂದ ತಮ್ಮ ಫೋನನ್ನು ಹೊರಗೆ ಎಳೆದರು. ಅಂಗಡಿಯಲ್ಲೇ ಎಲ್ಲಕ್ಕಿಂತ ದೊಡ್ಡದು, ಭಾವ ಆರಿಸಿಕೊಟ್ಟದ್ದು. ವ್ಯಾನು ಸೇತುವೆ ದಾಟುವ ಮುಂಚೆ ಡ್ರೈವರನ್ನು ಹಿಡಿಯಬೇಕಿತ್ತು. ಅವನ ಹೆಸರು ಪರದೆಯ ಮೇಲಿನ ತುದಿಯಲ್ಲಿತ್ತು. ಮಾವ ಹೆಬ್ಬೆರಳು ಚಾಚಿದರು. ಫೋನನ್ನು ಅಂಗೈಯಲ್ಲಿ ಚಿಮ್ಮಿಸಿ ಮತ್ತೆ ಚಾಚಿದರು. ಮಗು ಅವರ ಕನ್ನಡಕಕ್ಕೆ ಕೈ ಹಾಕಿತು. ಅವರು ಮುಖ ಹಿಂದಕ್ಕೆಳೆದುಕೊಂಡು ಫೋನನ್ನು ಹೊಟ್ಟೆಗೆ ಒತ್ತಿ ಹಿಡಿದು, ಗಲ್ಲ ತಗ್ಗಿಸಿ, ಇನ್ನೊಮ್ಮೆ ಪ್ರಯತ್ನಿಸಿದರು.

"ಕೊಡಪ್ಪ, ನಾನು..." ಎಂದು ಭಾವ ಮುಂದೆ ಬಂದ.

ಚೋಟಕ್ಕ ಕೈ ಅಡ್ಡ ಹಿಡಿದಳು. "ತಡಿ ಭಾವ."

ಕನ್ನಡಕ ಈಗ ಮಗುವಿನ ಮುಷ್ಟಿಯಲ್ಲಿತ್ತು. ಮಾವ ಕಣ್ಣು ಕಿರಿದು ಮಾಡಿಕೊಂಡು, ನಾಲಿಗೆಯ ತುದಿ ಕಚ್ಚಿಕೊಂಡು, ಹೆಬ್ಬೆರಳನ್ನು ಆ ಮೂಲೆಯ ಕಡೆಗೆ ಮತ್ತೂ ಒಂದಿಷ್ಟು ಚಾಚಿದರು.